ತಾತನ ಕಡ್ಡಿ ಮುಟ್ಟದ ಜಾಗ

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದೆ. ಸಿಂಕಿನಲ್ಲಿ ನೊರೆಯ ಜೊತೆ ಒಂದು ಕೆಂಪು ಎಳೆ ಹರಿದು ಹೋಯಿತು. ನೋವೇನೂ ಇರಲಿಲ್ಲ. ಗಟ್ಟಿಯಾಗಿ ಉಜ್ಜಿರಬೇಕು ಅಂದುಕೊಂಡು ಸುಮ್ಮನಾದೆ. ಮಾರನೇ ದಿನವೂ ಬಂತು, ಅದರ ಮಾರನೇ ದಿನವೂ ಬಂತು. ಕೆಳಗಿನ ಸಾಲಿನ ಮುಂದಿನ ಹಲ್ಲುಗಳ ಬುಡದಿಂದ ಬರುತ್ತಿತ್ತು. ಆಗ ನಾನು ಮಾಡಿದ್ದನ್ನೇ ಬಹುಶಃ ಎಲ್ಲರೂ ಮಾಡುತ್ತಾರೆ. ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟೆ. ಗಾಯ ಆದ ಕಡೆ ಕೈ ಹಾಕಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದೇವಲ್ಲ, ಅದೇ ಬುದ್ಧಿ. ಎರಡು ವಾರ ಕಳೆಯುವಷ್ಟರಲ್ಲಿ ರಕ್ತ ಇನ್ನೂ ಜಾಸ್ತಿಯಾಯಿತು.

ಅಪ್ಪನಿಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಬ್ರಷ್ಷೇ ಒಸಡು ಹಾಳು ಮಾಡೋದು. ಅದನ್ನ ಬಿಸಾಕಿ ಬೇವಿನ ಕಡ್ಡಿ ಹಿಡಿ. ನಿಮ್ಮ ತಾತ ಸಾಯೋವರೆಗೂ ಬ್ರಷ್ ಮುಟ್ಟಲಿಲ್ಲ. ಅವರ ಹಲ್ಲು ಹೆಂಗಿತ್ತು, ನೆನಪಿದ್ಯಾ?"

ನೆನಪಿತ್ತು. ತಾತ ನಕ್ಕರೆ ಮುಂದಿನ ಹಲ್ಲುಗಳು ಒಂದೇ ಸಾಲಾಗಿ ಹೊಳೆಯುತ್ತಿದ್ದವು. ಅದರ ಜೊತೆಗೆ ಇನ್ನೊಂದು ನೆನಪೂ ಇತ್ತು. ಅದನ್ನು ಅಪ್ಪನ ಮುಂದೆ ಅವತ್ತು ಎತ್ತಲಿಲ್ಲ. ಇಲ್ಲಿ ಆಮೇಲೆ ಹೇಳುತ್ತೇನೆ.

ಹಿತ್ತಲಿನ ಬೇವು

ತಾತ ಹಲ್ಲುಜ್ಜುವುದನ್ನು ನೋಡುವುದೇ ನನಗೆ ಚಿಕ್ಕಂದಿನಲ್ಲಿ ಒಂದು ಕೆಲಸವಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಹಿತ್ತಲಿಗೆ ಹೋಗುತ್ತಿದ್ದರು. ಬೇವಿನ ಮರದ ಕೆಳಗೆ ನಿಂತು ಕೊಂಬೆಗಳನ್ನು ನೋಡುತ್ತಿದ್ದರು. ತೀರಾ ಎಳೆಯದೂ ಬೇಡ, ಬಲಿತದ್ದೂ ಬೇಡ. ಕಿರುಬೆರಳಿನಷ್ಟು ದಪ್ಪದ ಹಸಿರು ಕಡ್ಡಿ ಸಿಕ್ಕಿದರೆ ಟಪ್ ಎಂದು ಮುರಿದು, ಎಲೆ ಸವರಿ, ಒಂದು ತುದಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಎಳೆದು ತೆಗೆಯುತ್ತಿದ್ದರು. ಆಮೇಲೆ ಅಗಿಯಲು ಶುರು. ಅವಸರವೇ ಇಲ್ಲ. ಅಗಿಯುತ್ತಾ ಗಿಡಗಳ ನಡುವೆ ಓಡಾಡುವುದು, ಹಸಿರು ಎಂಜಲು ಉಗಿಯುವುದು, ಮತ್ತೆ ಅಗಿಯುವುದು. ತುದಿ ನಾರುನಾರಾಗಿ ಕುಂಚದ ಹಾಗೆ ಆದ ಮೇಲೆ ಉಜ್ಜಲು ತೊಡಗುತ್ತಿದ್ದರು. ಕೊನೆಗೆ ಕಡ್ಡಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಬಿಲ್ಲಿನಂತೆ ಬಗ್ಗಿಸಿ, ನಾಲಿಗೆ ಕೆರೆದುಕೊಂಡು ಬಿಸಾಡುತ್ತಿದ್ದರು. ಅಷ್ಟು ಹೊತ್ತೂ ಒಂದು ಮಾತಿಲ್ಲ. ನಾನು ಏನಾದರೂ ಕೇಳಿದರೆ ಕೈಯಲ್ಲೇ 'ತಡಿ' ಅನ್ನುತ್ತಿದ್ದರು.

ನನಗೂ ಒಂದು ಸಣ್ಣ ಕಡ್ಡಿ ಮುರಿದು ಕೊಡುತ್ತಿದ್ದರು. "ಅಗಿ, ನುಂಗಬೇಡ ಮಗಾ." ಎರಡು ಸಲ ಕಚ್ಚುವಷ್ಟರಲ್ಲಿ ಕಹಿ ಗಂಟಲಿಗೆ ಇಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಇಷ್ಟು ಕಹಿ ಇದ್ದರೆ ಹುಳು ಬದುಕುವುದುಂಟಾ, ಸತ್ತೇ ಹೋಗುತ್ತದೆ ಅನ್ನೋದು ತಾತನ ನಂಬಿಕೆ. ನಮ್ಮೆಲ್ಲರ ನಂಬಿಕೆಯೂ ಅದೇ, ಅಲ್ವಾ? ಕಹಿ ಅಂದರೆ ಔಷಧಿ.

ಆ ಬೆಳಗುಗಳ ಚಿತ್ರ ಕಣ್ಣ ಮುಂದೆ ಇಟ್ಟುಕೊಂಡೇ ನಾನೂ ಕಡ್ಡಿ ಹಿಡಿದೆ. ಮೂರು ವಾರ ಬಿಡದೆ ಉಜ್ಜಿದೆ. ಮೊದಲ ವಾರ ದವಡೆ ನೋವು ಬಂತು. ಎರಡನೇ ವಾರ ರಕ್ತ ಕಮ್ಮಿಯಾಯಿತು. ಮೂರನೇ ವಾರ ಹೊರಗಡೆಯ ಒಸಡಿನಿಂದ ರಕ್ತ ಪೂರ್ತಿ ನಿಂತಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಇಬ್ಬರು ಗೆಳೆಯರೂ ಬ್ರಷ್ ಬಿಟ್ಟರು.

ಬಣ್ಣ

ಅದೇ ಹೊತ್ತಿಗೆ ಬೇರೆ ಯಾವುದೋ ಹಲ್ಲಿನ ಕೆಲಸಕ್ಕೆ ದಂತವೈದ್ಯೆಯ ಹತ್ತಿರ ಹೋಗಬೇಕಾಯಿತು. ಕುರ್ಚಿಯಲ್ಲಿ ಕೂತ ಕೂಡಲೇ ಕಡ್ಡಿಯ ವಿಷಯ ಹೇಳಿದೆ. ಅವರು ಬೈಯಲಿಲ್ಲ. "ಒಳ್ಳೇದು, ನೋಡೋಣ" ಅಂದರು. ಸಣ್ಣ ಹತ್ತಿಯ ಉಂಡೆಯಲ್ಲಿ ಯಾವುದೋ ಬಣ್ಣದ ನೀರು ಅದ್ದಿ ಎಲ್ಲ ಹಲ್ಲುಗಳಿಗೂ ಸವರಿದರು. ಬಾಯಿ ಮುಕ್ಕಳಿಸಲು ಹೇಳಿ ಕೈಗೆ ಕನ್ನಡಿ ಕೊಟ್ಟರು. ಹೊರಗಡೆ ಹಲ್ಲುಗಳು ಬೆಳ್ಳಗೇ ಇದ್ದವು. ಹೆಮ್ಮೆ ಅನ್ನಿಸಿತು. ಆಮೇಲೆ ಅವರು ಇನ್ನೊಂದು ಪುಟ್ಟ ಕನ್ನಡಿಯನ್ನು ಬಾಯೊಳಗೆ ಇಟ್ಟು, ಕೆಳಸಾಲಿನ ಮುಂದಿನ ಹಲ್ಲುಗಳ ಒಳಮೈ ತೋರಿಸಿದರು. ನಾಲಿಗೆ ತಾಗುವ ಕಡೆ. ಅಲ್ಲಿ ಹಲ್ಲಿನ ಬುಡದುದ್ದಕ್ಕೂ ಕಡು ನೀಲಿ ಗೆರೆ. ಹಿಂದಿನ ದವಡೆ ಹಲ್ಲುಗಳ ಸಂದಿಗಳಲ್ಲೂ ಅದೇ ನೀಲಿ.

"ಗುಲಾಬಿ ಬಣ್ಣ ಇದ್ದರೆ ಹೊಸ ಪಾಚಿ. ನೀಲಿ ಅಂದರೆ ಹಳೇದು, ದಿನಗಟ್ಟಲೆ ಅಲ್ಲೇ ಕೂತಿರೋದು" ಅಂದರು. ಪಾಚಿ ಅಂದರೆ ಹಲ್ಲಿಗೆ ಅಂಟಿ ಕೂರುವ ಬ್ಯಾಕ್ಟೀರಿಯಾಗಳ ಪದರ. ಮಿಲಿಮೀಟರ್ ಗುರುತುಗಳಿದ್ದ ಸಣ್ಣ ಮೊಂಡು ಸಲಾಕೆಯಿಂದ ಒಸಡಿನ ಅಂಚು ಅಳೆಯತೊಡಗಿದರು. ಎರಡು, ಎರಡು, ಮೂರು, ಐದು. ಹಲ್ಲಿಗೂ ಒಸಡಿಗೂ ನಡುವಿನ ಸಂದಿ ಆರೋಗ್ಯವಾಗಿದ್ದರೆ ಒಂದರಿಂದ ಮೂರು ಮಿಲಿಮೀಟರ್ ಇರುತ್ತದಂತೆ. ಐದು ಅಂದ ಕಡೆಯೆಲ್ಲ ರಕ್ತ ಬಂತು. ಮೂರು ವಾರದ ಕಡ್ಡಿ ನನ್ನ ಹೊರಗಿನ ಒಸಡನ್ನು ನಿಜವಾಗಿಯೂ ಸರಿಮಾಡಿತ್ತು. ಒಳಗಿನ ಸಾಲನ್ನು ಅದು ಮುಟ್ಟಿಯೇ ಇರಲಿಲ್ಲ.

ಕಡ್ಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಕಾರಣ ತಾನಾಗಿ ಗೊತ್ತಾಗುತ್ತದೆ. ಬ್ರಷ್ಷಿನ ಕೂದಲು ಹಿಡಿಗೆ ಅಡ್ಡವಾಗಿ ನಿಂತಿರುತ್ತದೆ. ಕಡ್ಡಿಯ ನಾರು ಕಡ್ಡಿಯ ನೇರಕ್ಕೇ ಮುಂದೆ ಚಾಚಿರುತ್ತದೆ. ಹಾಗಾಗಿ ಕೆನ್ನೆಯ ಕಡೆಯ ಮುಖಗಳಿಗೆ, ಅದರಲ್ಲೂ ಮುಂದಿನ ಹಲ್ಲುಗಳಿಗೆ, ಕಡ್ಡಿ ಚೆನ್ನಾಗಿ ಸಿಗುತ್ತದೆ. ನಾಲಿಗೆಯ ಕಡೆಯ ಮುಖಕ್ಕೆ ಅದನ್ನು ತಿರುಗಿಸುವುದು ಕಷ್ಟ. ಕೊನೆಯ ದವಡೆ ಹಲ್ಲಿನ ಹಿಂಬದಿಗಂತೂ ಹೋಗುವುದೇ ಇಲ್ಲ. ಇನ್ನೂ ಒಂದು ತೊಂದರೆ ಇದೆ. ನಾಲಿಗೆಯ ಕೆಳಗೆ, ಕೆಳಸಾಲಿನ ಮುಂದಿನ ಹಲ್ಲುಗಳ ಹಿಂದೆಯೇ ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುತ್ತದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಲ್ಲಿನ ಪಾಚಿಯೊಳಗೆ ಇಳಿದು ಅದನ್ನು ಕಲ್ಲಿನಷ್ಟು ಗಟ್ಟಿ ಮಾಡುತ್ತದೆ. ಅದೇ ಟಾರ್ಟರ್. ಬಾಯಿಯಲ್ಲಿ ಟಾರ್ಟರ್ ಅತಿ ಬೇಗ ಕಟ್ಟುವ ಜಾಗವೂ ಕಡ್ಡಿಗೆ ಸಿಗದ ಜಾಗವೂ ಒಂದೇ.

ಹನ್ನೆರಡು ಜನ, ಮೂರು ವಾರ

ಮನೆಗೆ ಬಂದು ಇದರ ಬಗ್ಗೆ ಓದುತ್ತಾ ಕೂತೆ. ಮೊದಲು ಸಿಕ್ಕಿದ್ದು 1965ರ ಒಂದು ಪ್ರಯೋಗ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಎಂಬ ದಂತವಿಜ್ಞಾನಿ ಮಾಡಿದ್ದು. ಒಸಡು ಚೆನ್ನಾಗಿದ್ದ 12 ಜನರನ್ನು ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಕೇಳಿಕೊಂಡರು. ಬ್ರಷ್ ಇಲ್ಲ, ಏನೂ ಇಲ್ಲ. ಹತ್ತು ದಿನದಿಂದ ಇಪ್ಪತ್ತೊಂದು ದಿನದೊಳಗೆ ಹನ್ನೆರಡೂ ಜನರ ಒಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದರು. ಹೆಚ್ಚುಕಮ್ಮಿ ಒಂದು ವಾರದಲ್ಲಿ ಎಲ್ಲರ ಒಸಡೂ ಮೊದಲಿನಂತಾಯಿತು. ಔಷಧಿ ಕೊಟ್ಟಿರಲಿಲ್ಲ. ಬ್ಯಾಕ್ಟೀರಿಯಾಗಳ ಪದರ ಕೂತಾಗ ರೋಗ ಬಂತು, ಎದ್ದಾಗ ಹೋಯಿತು, ಅಷ್ಟೇ.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ರಕ್ತ ಬರುತ್ತದೆ ಅಂತ ಆ ಜಾಗವನ್ನೇ ಬಿಟ್ಟು ಉಜ್ಜುತ್ತಿದ್ದೆನಲ್ಲ, ನನಗೆ ಗೊತ್ತಿಲ್ಲದೆ ನನ್ನ ಬಾಯಿಯ ಒಂದು ಮೂಲೆಯಲ್ಲಿ ಇದೇ ಪ್ರಯೋಗ ನಡೆಯುತ್ತಿತ್ತು. ಒಸಡಿನ ರೋಗಕ್ಕೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಾಗಳಲ್ಲಿ ಪೊರ್ಫಿರೊಮೊನಾಸ್ ಜಿಂಜಿವಾಲಿಸ್ ಅಂತ ಒಂದಿದೆ. ಅದಕ್ಕೆ ಗಾಳಿ ಆಗುವುದಿಲ್ಲ, ಒಸಡಿನ ಸಂದಿಯ ಆಳದಲ್ಲಿ ಬದುಕುತ್ತದೆ. ಅದು ಬೆಳೆಯಲು ರಕ್ತದಲ್ಲಿರುವ ಹೀಮ್ ಎಂಬ ಕಬ್ಬಿಣದ ಅಂಶ ಬೇಕು. ಅಂದರೆ ಊದಿದ ಒಸಡಿನಿಂದ ಒಸರುವ ರಕ್ತವೇ ಅದಕ್ಕೆ ಊಟ. ರಕ್ತ ಬಂದ ಕಡೆ ಮುಟ್ಟದೆ ಬಿಟ್ಟರೆ ಅದಕ್ಕೆ ಊಟ ಬಡಿಸಿ ಬಾಗಿಲು ಹಾಕಿದ ಹಾಗೆ. ಇದನ್ನು ಶಾಲೆಯಲ್ಲೇ ಯಾರಾದರೂ ಹೇಳಿಕೊಡಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಒಸಡಿನಲ್ಲಿ ರಕ್ತ ಕಂಡರೆ ಅಲ್ಲಿ ಇನ್ನಷ್ಟು ಮೆತ್ತಗೆ, ಇನ್ನಷ್ಟು ಗಮನ ಕೊಟ್ಟು ಉಜ್ಜಬೇಕು. ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಬೇಕು. (ಹೊಗೆ ಸೇದುವವರಿಗೆ ಒಂದು ಮಾತು: ತಂಬಾಕು ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗ ಇದ್ದರೂ ರಕ್ತ ಕಾಣದೇ ಇರಬಹುದು. ರಕ್ತ ಬರುತ್ತಿಲ್ಲ ಅಂತ ದಯವಿಟ್ಟು ಧೈರ್ಯವಾಗಿ ಇರಬೇಡಿ.)

ಕಹಿಯ ಕೆಲಸ

ಹಾಗಾದರೆ ಬೇವಿನ ಕಹಿಗೆ ಅರ್ಥವೇ ಇಲ್ಲವಾ? ಇದೆ. ಆದರೆ ತಾತ ಅಂದುಕೊಂಡ ಅರ್ಥವಲ್ಲ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇವಿನ ಕಡ್ಡಿಯ ಸಾರವನ್ನು ಬಾಯಿಯ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳ ಮೇಲೆ ಹಾಕಿ ನೋಡಿದರು. ಅವರು ಬಳಸಿದ ಪ್ರಮಾಣದಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲಲಿಲ್ಲ. ಅವು ಸಾಯಲಿಲ್ಲ. ಆದರೆ ಒಂದಕ್ಕೊಂದು ಅಂಟಿ ಗುಂಪಾದವು. ಹಲ್ಲಿನಂಥ ಮೇಲ್ಮೈಗೆ ಅಂಟಿಕೊಳ್ಳುವ ಶಕ್ತಿ ಕಮ್ಮಿಯಾಯಿತು. ಸಕ್ಕರೆಯಿಂದ ಅವು ತಯಾರಿಸುವ ಅಂಟು, ಅಂದರೆ ನೀರಿನಲ್ಲಿ ಕರಗದ ಗ್ಲೂಕನ್, ಅದೂ ಕಮ್ಮಿಯಾಯಿತು. ನನಗೆ ಇದು ತುಂಬಾ ಹಿಡಿಸಿತು. ಬೇವು ಕೊಲ್ಲುವುದಕ್ಕಿಂತ ಅಂಟಲು ಬಿಡದಿರುವ ಕೆಲಸ ಮಾಡುತ್ತದೆ. ಕಾಲೂರಲು ಜಾಗ ಸಿಗದವನು ಮನೆ ಕಟ್ಟುವುದಾದರೂ ಎಲ್ಲಿ?

ಅರಬ್ ದೇಶಗಳಲ್ಲಿ, ಆಫ್ರಿಕಾದ ಹಲವು ಕಡೆ ಬಳಸುವ ಮಿಸ್ವಾಕ್ ಕಡ್ಡಿಯ ಕತೆ ಬೇರೆ. ಅದು ಸಾಲ್ವಡೋರಾ ಪರ್ಸಿಕಾ ಎಂಬ ಗಿಡದ ಬೇರು ಅಥವಾ ರೆಂಬೆ. ಕಹಿಗಿಂತ ಖಾರ ಜಾಸ್ತಿ. ಸ್ವೀಡನ್ನಿನ ಕ್ಯಾರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2008ರಲ್ಲಿ ಒಂದು ಚಂದದ ಪ್ರಯೋಗ ಮಾಡಿದರು. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳಲ್ಲಿ ಮಿಸ್ವಾಕ್ ತುಂಡನ್ನು ಹೂತರು. ಇನ್ನು ಕೆಲವು ತಟ್ಟೆಗಳಲ್ಲಿ ತುಂಡು ಬ್ಯಾಕ್ಟೀರಿಯಾಗೆ ತಾಗದ ಹಾಗೆ ಮೇಲೆ ತೂಗುಬಿಟ್ಟರು. ತಾಗದಿದ್ದರೂ ಕೆಳಗಿನ ಬ್ಯಾಕ್ಟೀರಿಯಾ ಸತ್ತವು. ಆವಿಯಾಗಿ ಹೋಗುವ ಏನೋ ಒಂದು ಅದರಲ್ಲಿದೆ ಅಂತ ಅದರಿಂದ ಗೊತ್ತಾಯಿತು. ಅದು ಬೆಂಜೈಲ್ ಐಸೊಥಯೊಸಯನೇಟ್ ಅಂತ 2011ರಲ್ಲಿ ತೋರಿಸಿದರು. ಸಾಸಿವೆಗೆ ಖಾರ ಕೊಡುವ ವಸ್ತುಗಳ ಮನೆತನಕ್ಕೇ ಸೇರಿದ್ದು ಇದು. ಒಸಡಿನ ರೋಗ ತರುವ ಪೊರ್ಫಿರೊಮೊನಾಸ್‌ನಂಥವುಗಳ ಮೇಲೆ ಪರಿಣಾಮ ಜೋರಾಗಿತ್ತು. ಹುಳುಕು ತರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೇಲೆ ಅಷ್ಟಿರಲಿಲ್ಲ.

ಇಷ್ಟು ಓದಿದರೆ ಯಾರಿಗಾದರೂ ನಾಳೆಯಿಂದಲೇ ಬ್ರಷ್ ಬಿಸಾಡಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಬೇರೆ, ಹಲ್ಲಿನ ಮೇಲೆ ಪದರಗಟ್ಟಿ ಕೂತ ಬ್ಯಾಕ್ಟೀರಿಯಾ ಬೇರೆ. ಇದನ್ನು ಮುನ್ನೂರು ವರ್ಷಕ್ಕೂ ಹಿಂದೆ ಕಣ್ಣಾರೆ ಕಂಡವರು ಆಂಟೊನಿ ವಾನ್ ಲೀವೆನ್‌ಹುಕ್. ಬಟ್ಟೆಯ ವ್ಯಾಪಾರಿ, ತಾವೇ ಗಾಜು ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಂಡವರು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ತಮ್ಮ ಹಲ್ಲಿನ ಸಂದಿಯ ಬಿಳಿ ಲೋಳೆಯಲ್ಲಿ ಪುಟ್ಟ ಜೀವಿಗಳು ಓಡಾಡುವುದನ್ನು ವಿವರಿಸಿದರು. ಅವರು ದಿನವೂ ಉಪ್ಪಿನಿಂದ ಹಲ್ಲುಜ್ಜಿ, ಬಟ್ಟೆಯಿಂದ ಒರೆಸುತ್ತಿದ್ದವರು. ಆದರೂ ಸಂದಿಯಲ್ಲಿ ಆ ಲೋಳೆ ಉಳಿದಿತ್ತು. ವಿನೆಗರ್ ಹಾಕಿದರೆ ಆ ಜೀವಿಗಳು ಸಾಯುತ್ತವೆ ಅಂತಲೂ ನೋಡಿದರು. ಆದರೆ ವಿನೆಗರಿನಿಂದ ಬಾಯಿ ತೊಳೆದಾಗ ಹೊರಪದರದಲ್ಲಿದ್ದವು ಮಾತ್ರ ಸತ್ತವು, ಲೋಳೆಯ ಒಳಗಿದ್ದವು ಬದುಕಿಯೇ ಇದ್ದವು ಅಂತ ಬರೆದಿಟ್ಟರು. ನಮ್ಮ ಬೇವಿನ ರಸಕ್ಕೂ ಬಾಟಲಿಯ ಮೌತ್‌ವಾಶ್‌ಗೂ ಎದುರಾಗುವುದು ಇದೇ ಗೋಡೆ. ಬಾಯಿಯಲ್ಲಿ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಇರಬಲ್ಲವು. ಅವು ಒಂಟಿಯಾಗಿ ತೇಲುತ್ತಿದ್ದರೆ ರಸಕ್ಕೆ ಸಿಗುತ್ತವೆ. ಪಾಚಿಯೊಳಗೆ ಸೇರಿಕೊಂಡರೆ ಸಿಗುವುದಿಲ್ಲ. ಆ ಪಾಚಿಯನ್ನು ನಾರೋ ಕೂದಲೋ ಹೋಗಿ ಕೆದಕಿ ಎಬ್ಬಿಸಲೇಬೇಕು.

ಇನ್ನೊಂದು ಮಾತು. ಬಾಯಿಯ ಎಲ್ಲ ಬ್ಯಾಕ್ಟೀರಿಯಾ ಸಾಯಬೇಕು ಅಂತ ಆಸೆ ಪಡುವುದೂ ಸರಿಯಲ್ಲ. ನಾಲಿಗೆಯ ಮೇಲಿರುವ ಕೆಲವು ಬ್ಯಾಕ್ಟೀರಿಯಾಗಳು ನಾವು ತಿನ್ನುವ ಸೊಪ್ಪು ತರಕಾರಿಯ ನೈಟ್ರೇಟನ್ನು ನೈಟ್ರೈಟ್ ಮಾಡಿಕೊಡುತ್ತವೆ. ದೇಹ ಅದರಿಂದ ರಕ್ತನಾಳ ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅವು ನಮ್ಮ ಕಡೆಯವು.

ಕಡ್ಡಿ ಗೆದ್ದದ್ದೂ ಸೋತದ್ದೂ

ಕಡ್ಡಿ ಮತ್ತು ಬ್ರಷ್ ಎರಡನ್ನೂ ಎದುರುಬದುರು ಇಟ್ಟು ನೋಡಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 1978ರಲ್ಲಿ ಇಥಿಯೋಪಿಯಾದ ಶಾಲಾ ಮಕ್ಕಳಲ್ಲಿ ನೋಡಿದಾಗ ಕಡ್ಡಿ ಬ್ರಷ್ಷಿನಷ್ಟೇ ಚೆನ್ನಾಗಿ ಕೆಲಸ ಮಾಡಿತು. 1989ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ನೋಡಿದಾಗ ಕಡ್ಡಿ ಬಳಸುವವರಲ್ಲಿ ಪಾಚಿಯೂ ಜಾಸ್ತಿ, ಒಸಡಿನ ರಕ್ತವೂ ಜಾಸ್ತಿ ಕಂಡಿತು. 2003ರಲ್ಲಿ ಸೌದಿ ಅರೇಬಿಯಾದ ಗಂಡಸರ ಒಂದು ಸಣ್ಣ ಗುಂಪಿಗೆ ಮೊದಲು ಮಿಸ್ವಾಕ್ ಹೇಗೆ ಬಳಸಬೇಕು ಅಂತ ಸರಿಯಾಗಿ ಹೇಳಿಕೊಟ್ಟು, ಆಮೇಲೆ ಅದೇ ಜನರಲ್ಲಿ ಎರಡನ್ನೂ ಹೋಲಿಸಿದರು. ಅಲ್ಲಿ ಮಿಸ್ವಾಕ್ ಬ್ರಷ್ಷಿಗಿಂತ ಮುಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ, ರೂಢಿ ಇರುವ ಕಡೆ ಇಂಥ ಕಡ್ಡಿಗಳನ್ನು ಪ್ರೋತ್ಸಾಹಿಸಬಹುದು ಅಂದಿತ್ತು.

ನಾನು ಈ ಮೂರನ್ನೂ ಪಕ್ಕಪಕ್ಕ ಇಟ್ಟು ಬಹಳ ಯೋಚಿಸಿದೆ. ನನಗೆ ಮುಖ್ಯ ಅನ್ನಿಸುವುದು ಆ 'ಹೇಳಿಕೊಟ್ಟು' ಎಂಬ ಮಾತು. ಎಲ್ಲಿ ಉಜ್ಜಬೇಕು ಅಂತ ತಿಳಿದ ಕೈಯಲ್ಲಿ ಕಡ್ಡಿಯೂ ಗೆಲ್ಲುತ್ತದೆ. ಹಾಗಂತ ಬ್ರಷ್ ಹಿಡಿದವರಿಗೆಲ್ಲ ಯಾರಾದರೂ ಹೇಳಿಕೊಟ್ಟಿದ್ದಾರಾ? ನನಗಂತೂ ಇಲ್ಲ. ಪೇಸ್ಟ್ ಹಾಕು, ಉಜ್ಜು, ಉಗಿ. ಅಷ್ಟೇ ನನ್ನ ಪಾಠ. ಕೂದಲನ್ನು ಒಸಡಿನ ಅಂಚಿಗೆ ಓರೆಯಾಗಿ, 45 ಡಿಗ್ರಿಯಲ್ಲಿ ಇಟ್ಟು, ಅಲ್ಲೇ ಸಣ್ಣಗೆ ಅಲುಗಾಡಿಸಬೇಕು ಅಂತ ಚಾರ್ಲ್ಸ್ ಬಾಸ್ ಎಂಬ ಅಮೆರಿಕದ ವೈದ್ಯರು 1940ರ ದಶಕದಲ್ಲೇ ತೋರಿಸಿದ್ದರು. ನನಗೆ ಅದು ಗೊತ್ತಾದದ್ದು ಆ ನೀಲಿ ಗೆರೆ ನೋಡಿದ ದಿನ.

ನಮ್ಮ ಹಳೆಯ ವೈದ್ಯರು ಇದನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರು ಅಂತ ತಿಳಿದಾಗ ಅಚ್ಚರಿಯಾಯಿತು. ಸುಶ್ರುತ ಸಂಹಿತೆಯಲ್ಲಿ ಹಲ್ಲುಕಡ್ಡಿಯ ಮಾತು ಬರುತ್ತದೆ. ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ. ಕಹಿ ಮರಗಳಲ್ಲಿ ಬೇವು ಉತ್ತಮ, ಒಗರಿನಲ್ಲಿ ಕಗ್ಗಲಿ, ಖಾರದಲ್ಲಿ ಹೊಂಗೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೇ ಇನ್ನೊಂದು ಸೂಚನೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಮೆತ್ತನೆಯ ಕುಂಚದಿಂದ ಒಂದೊಂದೇ ಹಲ್ಲನ್ನು ಉಜ್ಜಬೇಕು, ಒಸಡಿಗೆ ನೋವಾಗಬಾರದು. ಬಾಯಿ, ನಾಲಿಗೆ, ತುಟಿಗಳಲ್ಲಿ ರೋಗ ಇರುವವರು ಕಡ್ಡಿ ಬಳಸಬಾರದು ಅಂತಲೂ ಇದೆ. ನಾವು ಮರದ ಹೆಸರು ನೆನಪಿಟ್ಟುಕೊಂಡೆವು. 'ಒಂದೊಂದೇ ಹಲ್ಲು' ಅನ್ನುವುದನ್ನು ಮರೆತೆವು. ಆಧುನಿಕ ದಂತವೈದ್ಯರು ಹೇಳುವುದೂ ಅದೇ.

ಒಸಡಿಗೆ ನೋವಾಗಬಾರದು ಅನ್ನುವುದು ಸಣ್ಣ ಮಾತಲ್ಲ. 1990ರ ದಶಕದ ಆರಂಭದಲ್ಲಿ ಸೌದಿ ಅರೇಬಿಯಾದಲ್ಲಿ ನೋಡಿದಾಗ ಮಿಸ್ವಾಕ್ ಬಳಸುವವರಲ್ಲಿ ಒಸಡು ಕೆಳಗೆ ಸರಿದು ಹಲ್ಲಿನ ಬೇರು ಕಾಣುವುದು ಜಾಸ್ತಿ ಇತ್ತು. ಗಟ್ಟಿ ನಾರನ್ನು ಅಡ್ಡಡ್ಡ ತಿಕ್ಕಿದರೆ ಹಾಗಾಗುತ್ತದೆ. ಗಟ್ಟಿ ಬ್ರಷ್ಷಿನಲ್ಲಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೂ ಅದೇ ಆಗುತ್ತದೆ. ಹಾಗಾಗಿ ಅಪ್ಪ ಹೇಳಿದ್ದರಲ್ಲಿ ಪೂರ್ತಿ ಸುಳ್ಳಿರಲಿಲ್ಲ. ಬ್ರಷ್ ಒಸಡು ಹಾಳು ಮಾಡಬಲ್ಲದು. 1938ರಲ್ಲಿ ನೈಲಾನ್ ಬ್ರಷ್ ಬರುವ ಮುಂಚೆ ಹಂದಿಯ ಕೂದಲಿನ ಬ್ರಷ್ ಇತ್ತು. ಮೊದಮೊದಲ ನೈಲಾನ್ ಕೂದಲುಗಳೂ ಗಡುಸಾಗಿದ್ದವು. ಈಗ ಮೆತ್ತನೆಯದು ಎಲ್ಲ ಕಡೆ ಸಿಗುತ್ತದೆ. ಮೆತ್ತನೆಯದನ್ನೇ ತಗೊಳ್ಳಿ.

ಅಂಗೈಯಲ್ಲಿ ಒಂದು ಹಲ್ಲು

ಈಗ ಆ ಇನ್ನೊಂದು ನೆನಪು.

ನನಗಾಗ ಒಂಬತ್ತೋ ಹತ್ತೋ ವರ್ಷ. ಊಟಕ್ಕೆ ಕೂತಿದ್ದೆವು. ತಾತ ಒಂದು ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. ಬೆರಳು ಹಾಕಿ ಏನನ್ನೋ ತೆಗೆದು ತಟ್ಟೆಯ ಪಕ್ಕ ಇಟ್ಟರು. ದವಡೆ ಹಲ್ಲು. ರಕ್ತ ಹೆಚ್ಚಿರಲಿಲ್ಲ. ಅವರು ಅತ್ತಲೂ ಇಲ್ಲ, ಗಾಬರಿಯಾಗಲೂ ಇಲ್ಲ. ನೀರು ಕುಡಿದು ಊಟ ಮುಂದುವರಿಸಿದರು. ಅದು ಅವರ ಮೊದಲನೇ ಹಲ್ಲೂ ಆಗಿರಲಿಲ್ಲ. ಊಟವಾದ ಮೇಲೆ ಅದನ್ನು ತೊಳೆದು ನನ್ನ ಅಂಗೈಯಲ್ಲಿಟ್ಟು ತೋರಿಸಿದರು. "ನೋಡು, ಒಂದು ತೂತಿಲ್ಲ. ಹುಳುಕು ಅನ್ನೋದೇ ಇಲ್ಲ. ವಯಸ್ಸಾಯ್ತು, ತಾನಾಗೇ ಬಂತು."

ನಾನು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ್ದೆ. ನಿಜವಾಗಿಯೂ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಬೇರು ಉದ್ದವಾಗಿತ್ತು. ಬೇರಿನ ಅರ್ಧದವರೆಗೂ ಕಂದು ಬಣ್ಣದ ಒರಟು ಪದರವೊಂದು ಅಂಟಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ. ಹಲ್ಲಿನ ಬೇರು ಹೀಗೇ ಇರುತ್ತದೇನೋ, ಮರದ ತೊಗಟೆಯ ಹಾಗೆ, ಅಂದುಕೊಂಡೆ.

ಈಗ ಗೊತ್ತು. ಅದು ಟಾರ್ಟರ್. ಒಸಡಿನೊಳಗೆ, ಬೇರಿನ ಉದ್ದಕ್ಕೂ, ವರ್ಷಗಟ್ಟಲೆ ಇಳಿದು ಕಲ್ಲಾದ ಪಾಚಿ. ಅದರ ಸುತ್ತ ಒಸಡು ಊದಿ, ಹಲ್ಲನ್ನು ಹಿಡಿದಿಟ್ಟ ಮೂಳೆ ನಿಧಾನವಾಗಿ ಕರಗಿ, ಕೊನೆಗೆ ಒಂದು ಒಳ್ಳೆಯ ಹಲ್ಲು ಹಿಡಿತ ಇಲ್ಲದೆ ಕಳಚಿ ಬಿದ್ದಿತ್ತು. ಅದು ವಯಸ್ಸಲ್ಲ, ರೋಗ. ನೋವು ಕೊಡದೆ ಬರುವ ರೋಗ. ನೋವಿಲ್ಲ ಅಂದರೆ ಯಾರು ತಾನೇ ಡಾಕ್ಟರ ಹತ್ತಿರ ಹೋಗುತ್ತಾರೆ? ಲೋಕದಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ತೀವ್ರ ಒಸಡಿನ ರೋಗ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ. ಅವರಲ್ಲಿ ಎಷ್ಟು ಜನ ತಾತನ ಹಾಗೆ 'ತಾನಾಗೇ ಬಂತು' ಅಂದುಕೊಂಡಿರಬಹುದು ಅಂತ ಯೋಚಿಸಿದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಎಲ್ಲರೂ ಹೊಗಳುತ್ತಿದ್ದ ತಾತನ ಮುಂದಿನ ಹಲ್ಲುಗಳು ಕಡ್ಡಿ ಚೆನ್ನಾಗಿ ಮುಟ್ಟುವ ಹಲ್ಲುಗಳು. ನಗುವಾಗ ಕಾಣುವುದೂ ಅವೇ, ನೆನಪಿನಲ್ಲಿ ಉಳಿದದ್ದೂ ಅವೇ. ಹಿಂದಿನವು ಒಂದೊಂದಾಗಿ ಹೋಗುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಕೊನೆಕೊನೆಗೆ ತಾತನಿಗೆ ಕಡ್ಡಿ ಅಗಿಯಲು ದವಡೆ ಹಲ್ಲುಗಳೇ ಇರಲಿಲ್ಲ. ಅಜ್ಜಿ ಕಡ್ಡಿಯ ತುದಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ ಕೊಡುತ್ತಿದ್ದರು. ಅದನ್ನು ಹಿಡಿದುಕೊಂಡು ತಾತ ಹಿತ್ತಲಿಗೆ ಹೋಗುತ್ತಿದ್ದರು, ಮೊದಲಿನ ಹಾಗೇ ಗಿಡಗಳ ನಡುವೆ ಓಡಾಡುತ್ತಾ.

ಇದನ್ನು ಕಡ್ಡಿಯ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಬೇರಿಗೆ ಇಳಿದ ಟಾರ್ಟರನ್ನು ಬ್ರಷ್ಷೂ ತೆಗೆಯಲಾರದು. ಬ್ರಷ್ಷಿನ ಕೂದಲು ಒಸಡಿನ ಒಳಗೆ ಒಂದು ಮಿಲಿಮೀಟರ್ ಹೋದರೆ ಹೆಚ್ಚು. ಅದಕ್ಕಿಂತ ಆಳದ್ದನ್ನು ದಂತವೈದ್ಯರೇ ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅಂತ ಹೆದರುವವರು ನಮ್ಮಲ್ಲಿ ಬಹಳ ಜನ. ತಾತನೂ ಹೆದರುತ್ತಿದ್ದರು. ಹಲ್ಲನ್ನು ಸಡಿಲ ಮಾಡುವುದು ಆ ಕಲ್ಲು. ಮೂಳೆ ಕರಗಿ ಆದ ಜಾಗದಲ್ಲಿ ಅದು ಕೂತಿರುತ್ತದೆ, ಹಾಗಾಗಿ ತೆಗೆದ ಮೇಲೆ ಸಂದಿ ಎದ್ದು ಕಾಣುತ್ತದೆ. ಆ ಹೆದರಿಕೆಯನ್ನು ಯಾರಾದರೂ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದ್ದರೆ ತಾತ ಇನ್ನಷ್ಟು ವರ್ಷ ಗಟ್ಟಿ ಊಟ ಮಾಡುತ್ತಿದ್ದರು ಅನ್ನಿಸುತ್ತದೆ.

ಹುಳುಕಿನ ವಿಷಯಕ್ಕೆ ಬಂದರೆ ಲೆಕ್ಕ ಸುಲಭ. ಅಲ್ಲಿ ಫ್ಲೋರೈಡ್ ಬೇಕು, ಅದು ಪೇಸ್ಟಿನಲ್ಲಿದೆ. ಆಮ್ಲದಿಂದ ಹಲ್ಲಿನ ಹೊರಪದರ ಕಳೆದುಕೊಳ್ಳುವ ಖನಿಜ ಮತ್ತೆ ಬಂದು ಸೇರಲು ಅದು ನೆರವಾಗುತ್ತದೆ. ಕಡ್ಡಿಯಿಂದ ಅಷ್ಟು ಸಿಗುವುದಿಲ್ಲ. ಮಕ್ಕಳಿಗೆ, ಸಿಹಿ ಜಾಸ್ತಿ ತಿನ್ನುವವರಿಗೆ ಕಡ್ಡಿ ಒಂದೇ ಸಾಕು ಅಂತ ನಾನು ಯಾರಿಗೂ ಹೇಳಲಾರೆ. ಬ್ರಷ್ ಬಿಟ್ಟಿದ್ದ ಆ ಇಬ್ಬರು ಗೆಳೆಯರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ.

ಈಗ ನಾನು ರಾತ್ರಿ ಮೆತ್ತನೆಯ ಬ್ರಷ್ ಹಿಡಿದಾಗ ಮೊದಲು ಹೋಗುವುದು ಕೆಳಸಾಲಿನ ಮುಂದಿನ ಹಲ್ಲುಗಳ ಒಳಮೈಗೆ. ಬ್ರಷ್ಷನ್ನು ನಿಲ್ಲಿಸಿ, ತುದಿಯ ಕೂದಲಿನಿಂದ ಒಂದೊಂದೇ ಹಲ್ಲು. ಆಮೇಲೆ ಸಂದಿಗಳಿಗೆ ಸಣ್ಣ ಬ್ರಷ್. ಬೆಳಿಗ್ಗೆ ಕಡ್ಡಿ ಸಿಕ್ಕಿದರೆ ಅಗಿಯುತ್ತೇನೆ, ನಾಲಿಗೆ ಕೆರೆಯುತ್ತೇನೆ. ತಾತನ ಹಾಗೆ ಮಾತಿಲ್ಲದೆ ಕಳೆಯುವ ಆ ಹೊತ್ತು ನನಗೂ ಬೇಕು. ಮೂರು ತಿಂಗಳ ನಂತರ ದಂತವೈದ್ಯೆ ಮತ್ತೆ ಅಳೆದಾಗ ಐದು ಇದ್ದದ್ದು ಮೂರಕ್ಕೆ ಬಂದಿತ್ತು. ಒಂದು ಕಡೆ ಮಾತ್ರ ನಾಲ್ಕು ಉಳಿದಿದೆ.

ಹೋದ ವಾರ ಅಪ್ಪನಿಗೆ ಒಂದು ಬಣ್ಣದ ಮಾತ್ರೆ ಕೊಟ್ಟೆ. ಅಗಿದು, ನಾಲಿಗೆಯಲ್ಲಿ ಎಲ್ಲ ಕಡೆ ಸವರಿ ಉಗಿಯಬೇಕು. ಅವರಿಗೆ ಇಷ್ಟ ಇರಲಿಲ್ಲ. "ನನ್ನ ಹಲ್ಲಿಗೇನಾಗಿದೆ?" ಅಂದರು. ಕನ್ನಡಿಯ ಮುಂದೆ ನಿಂತು ಹಲ್ಲು ಕಿಸಿದು ನೋಡಿಕೊಂಡರು. ಮುಂದಿನ ಸಾಲು ಬೆಳ್ಳಗಿತ್ತು. "ನೋಡು" ಅಂದರು. ನಾನು ಪುಟ್ಟ ಕನ್ನಡಿಯನ್ನು ಅವರ ಬಾಯೊಳಗೆ ಹಿಡಿದು, ಮೊಬೈಲಿನ ಬೆಳಕು ಬಿಟ್ಟೆ. ಅವರು ಸುಮ್ಮನಾದರು. ತಾತನ ದವಡೆ ಹಲ್ಲನ್ನು ನನ್ನ ಅಂಗೈಯಲ್ಲಿ ಅವರೂ ನೋಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬ್ರಷ್ ತೆಗೆದುಕೊಂಡು, "ಇದನ್ನ ಹೆಂಗೆ ತಿರುಗಿಸಿ ಹಿಡೀಬೇಕು, ಒಂದ್ಸಲ ತೋರ್ಸು" ಅಂದರು.